ಗುಜರಿಗೂ ಬೇಡ, ಶೋಕಿಗೂ ಬೇಡ

‘ಕೆ.ಜಿ.ಗೆ 28 ರೂಪಾಯಿ ಹಿಡಿತೀನಿ. ಒಂದು ಟನ್ ತೂಕಕ್ಕ 28 ಸಾವಿರ. ನೀವು ಹೂಂ ಅಂದ್ರ ನಾಳಿ ಮುಂಜಾನೆನ ಕ್ರೇನ್ ತರ್ತೀನಿ ನೋಡ್ರಿ ಅಣ್ಣಾರ.’

ಗುಜರಿಯವರು ಹೀಗೆ ಹೇಳಿ ಹೋದ ಮೇಲೆ ಅಪ್ಪ ಬಹಳ ಹೊತ್ತು ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು. ತೂಕಕ್ಕೆ ಹೋಗಲಿದ್ದದ್ದು ನಮ್ಮ ಮುತ್ಯಾನ ಜೀಪು.

ನಮ್ಮೂರು ಮುಳವಾಡ. ಹೊರ ಜಿಲ್ಲೆಯವರು ಈ ಹೆಸರು ಕೇಳಿದ್ದರೆ ಅದು ಬಹುಶಃ ಏತ ನೀರಾವರಿ ಯೋಜನೆಯ ಸುದ್ದಿಯಲ್ಲಿ. ಆ ನೀರು ಬರುವುದು ಆಲಮಟ್ಟಿಯ ಹಿನ್ನೀರಿನಿಂದ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಆ ಅಣೆಕಟ್ಟಿನ ಕಾಮಗಾರಿ ದಶಕಗಳ ಕಾಲ ನಡೆಯಿತು. ಅಲ್ಲಿ ಓಡಾಡಿಕೊಂಡಿದ್ದ ಜೀಪೊಂದನ್ನು 1983ರಲ್ಲಿ ಗುತ್ತಿಗೆದಾರರೊಬ್ಬರಿಂದ ಮುತ್ಯಾ ಕೊಂಡಿದ್ದ. ಅದು 1968ರ ಮಹೀಂದ್ರ ಸಿಜೆ-3ಬಿ, ಪೆಟ್ರೋಲ್ ಗಾಡಿ. ನಮ್ಮದು ಎರಿ ಭೂಮಿ. ಎರಡು ದಿನ ಮಳೆ ಹಿಡಿದರೆ ಹೊಲದ ದಾರಿಯಲ್ಲಿ ಚಪ್ಪಲಿಯೂ ಕಿತ್ತು ಬರುವುದಿಲ್ಲ. ಅಂಥ ಕೆಸರಿನಲ್ಲಿ ನಾಲ್ಕೂ ಚಕ್ರ ತಿರುಗಿಸಿಕೊಂಡು ಈ ಜೀಪು ಜೋಳದ ಚೀಲ ತಂದಿದೆ, ಮೇವು ತಂದಿದೆ, ಮದುಮಗಳನ್ನು ತಂದಿದೆ. 2005ರ ಒಂದು ರಾತ್ರಿ ಹೆರಿಗೆ ನೋವಿನಲ್ಲಿದ್ದ ನನ್ನ ಅವ್ವನನ್ನು ವಿಜಯಪುರದ ಆಸ್ಪತ್ರೆ ಮುಟ್ಟಿಸಿದ್ದೂ ಇದೇ.

ಮೂರು ವರ್ಷದ ಹಿಂದೆ ಮುತ್ಯಾ ತೀರಿಕೊಂಡ. ಅವತ್ತಿನಿಂದ ಜೀಪು ಕೊಟ್ಟಿಗೆಯ ಮೂಲೆ ಸೇರಿತು. ಕೋಳಿಗಳು ಅದರಲ್ಲಿ ಮೊಟ್ಟೆ ಇಡತೊಡಗಿದವು. ಈ ಬೇಸಿಗೆಗೆ ಆರ್‌ಸಿ ಅವಧಿ ಮುಗಿಯುವುದಿತ್ತು. ‘ಮಾರೂದು ಬ್ಯಾಡಪ್ಪ’ ಎಂದೆ. ‘ಇಟಗೊಂಡು ಏನ್ ಮಾಡ್ತಿ?’ ಎಂದು ಅಪ್ಪ ಕೇಳಿದರು. ನನ್ನ ಬಳಿ ಉತ್ತರ ಸಿದ್ಧವಿತ್ತು, ಮೊಬೈಲಿನಲ್ಲಿ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಸಿದ್ಧವಾಗುವ ಜೀಪುಗಳ ರೀಲ್ಸ್ ನೀವೂ ನೋಡಿರುತ್ತೀರಿ. ಆಳೆತ್ತರದ ಟೈರು, ಮೇಲೆ ಉದ್ದನೆಯ ಎಲ್‌ಇಡಿ ಪಟ್ಟಿ, ಮುಂದೆ ದಪ್ಪ ಕಬ್ಬಿಣದ ಬಂಪರ್, ಮೈಯೆಲ್ಲ ಹೊಳಪಿಲ್ಲದ ಕಪ್ಪು ಬಣ್ಣ. ನಮ್ಮ ಜೀಪನ್ನೂ ಹಾಗೇ ಮಾಡುತ್ತೇನೆ ಎಂದೆ. ಅಪ್ಪ ಬಯ್ಯಲಿಲ್ಲ. ‘ನಿನ್ನ ಸೂಟಿ ಮುಗಿಯೂದ್ರಾಗ ಅದು ತನ್ನ ಕಾಲ ಮ್ಯಾಲ ರಸ್ತೆಕ್ಕ ಬರ್ಬೇಕು. ಇಲ್ಲಂದ್ರ ಕ್ರೇನ್ ಬರ್ತೈತಿ’ ಎಂದರು, ಅಷ್ಟೆ.

ಹೀಗೆ ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಐದು ಸೆಮಿಸ್ಟರ್ ಮುಗಿಸಿದ ವಿದ್ಯೆಯನ್ನು ತಲೆಯಲ್ಲಿ ಹೊತ್ತು, ಊರವರೆಲ್ಲ ‘ಮಿಸ್ತ್ರಿ ಚಾಚಾ’ ಎನ್ನುವ ಹಿರಿಯರ ಗ್ಯಾರೇಜಿಗೆ ಹೋದೆ. ರೀಲ್ಸ್ ತೋರಿಸಿದೆ. ಅವರು ಕನ್ನಡಕ ಏರಿಸಿ ಪೂರ್ತಿ ನೋಡಿದರು. ಆಮೇಲೆ ಒಂದೇ ಮಾತು: ‘ತಮ್ಮಾ, ಓಡೂದು ಆಮ್ಯಾಲ, ನಿಂದ್ರೂದು ಮೊದ್ಲ. ನಿನ್ನ ಗಾಡಿ ಬ್ರೇಕ್ ಯಾವ ಸೈಜಿಂದು ಹೇಳು?’ ನನಗೆ ಗೊತ್ತಿರಲಿಲ್ಲ.

ಒಂಬತ್ತು ಇಂಚಿನ ಡ್ರಮ್. ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಬ್ರೇಕ್ ಲೈನ್. ಎಲ್ಲೋ ಒಂದು ಕಡೆ ಆಯಿಲ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಇಂಥ ಗಾಡಿಗೆ ದೊಡ್ಡ ಟೈರು ಹಾಕಿದರೆ ಅದನ್ನು ನಿಲ್ಲಿಸುವವರು ಯಾರು? ಅವತ್ತು ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. ಎಡ ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ, ಗಾಡಿ ಪಲ್ಟಿಯಾಗದೆ ನಿಲ್ಲುವ ಶಕ್ತಿಯ ಸ್ಥೂಲ ಅಳತೆ ಸಿಗುತ್ತದೆ. ನಮ್ಮ ಜೀಪಿನಲ್ಲಿ ಆ ಅಂತರ ಸುಮಾರು 48 ಇಂಚು. ಗುರುತ್ವ ಕೇಂದ್ರ ನೆಲದಿಂದ 26 ಇಂಚು ಮೇಲಿದೆ ಎಂದು ಹಿಡಿದರೆ ಉತ್ತರ 0.92. ಟೈರು ಮತ್ತು ಪಾಟಾ ಎತ್ತರಿಸಿ ಅದು 30 ಇಂಚಿಗೆ ಏರಿದರೆ 0.80. ಸಂಖ್ಯೆ ಇಳಿದಷ್ಟೂ ತಿರುವಿನಲ್ಲಿ ಬೀಳುವುದು ಸುಲಭ. ಪರೀಕ್ಷೆಯಲ್ಲಿ ಇದೇ ಲೆಕ್ಕ ಬಿಡಿಸಿ ಅಂಕ ಪಡೆದವನಿಗೆ, ಮನೆಯ ಜೀಪಿನ ವಿಷಯದಲ್ಲಿ ಅದು ನೆನಪಾಗಲು ಚಾಚಾ ಬೇಕಾಯಿತು.

ಕಾನೂನು ಕೂಡ ನನ್ನ ಕಡೆ ಇರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಬಿಡಿಸಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಒಪ್ಪಿಗೆಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನನ್ನ ಪಟ್ಟಿಯಲ್ಲಿ ಐದು ಮಾರ್ಪಾಡುಗಳಿದ್ದವು. ಐದೈದಲೇ ಇಪ್ಪತ್ತೈದು ಸಾವಿರ, ಹೆಚ್ಚುಕಡಿಮೆ ಜೀಪಿನ ಗುಜರಿ ಬೆಲೆ!

ಪಟ್ಟಿ ಹರಿದು ಹಾಕಿದೆ. ಕಸ್ಟಮೈಸ್ ಬೇಡ, ಮೊದಲು ಇದ್ದಂತೆ ಮಾಡೋಣ ಎಂದೆ. ‘ಈಗ ಪಾನಾ ಹಿಡಿ’ ಎಂದರು ಚಾಚಾ.

ಈ ಜೀಪಿನ ಹುಟ್ಟಿನ ಬಗ್ಗೆ ಎರಡು ಮಾತು ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಒಂದೇ ವಿನ್ಯಾಸದ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ಇದರ ಭಾಗ ಅದಕ್ಕೆ, ಅದರ ಭಾಗ ಇದಕ್ಕೆ ಕೂರುತ್ತಿತ್ತು. ಯುದ್ಧಭೂಮಿಯಲ್ಲಿ ಸೈನಿಕನೇ ಬಿಚ್ಚಿ ಜೋಡಿಸಬೇಕು ಎಂಬುದೇ ವಿನ್ಯಾಸದ ಮೂಲ ಲೆಕ್ಕ. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಬಿಡಿಭಾಗ ತರಿಸಿ ವಿಲ್ಲಿಸ್ ಜೀಪು ಜೋಡಿಸತೊಡಗಿತು. ಸಿಜೆ-3ಬಿ ಮಾದರಿ ಅಮೆರಿಕದಲ್ಲಿ ಬಂದದ್ದು 1953ರಲ್ಲಿ. ಅದರ ‘ಹರಿಕೇನ್’ ಎಂಜಿನ್ ಹಿಂದಿನದಕ್ಕಿಂತ ಎತ್ತರ. ಆ ಎಂಜಿನ್ ಹಿಡಿಸಲೆಂದೇ ಬಾನೆಟ್ ಎತ್ತರಿಸಿದರು. ಇಂದು ನಾವು ‘ಹಳೆ ಜೀಪಿನ ಗತ್ತು’ ಎನ್ನುವ ಆ ಮುಖ ಶೋಕಿಗೆ ಬಂದದ್ದಲ್ಲ, ಕೆಲಸಕ್ಕೆ ಬಂದದ್ದು.

ಆ ಎಂಜಿನ್‌ನಲ್ಲಿ ಪೆಟ್ರೋಲ್–ಗಾಳಿ ಒಳಬರುವ ವಾಲ್ವ್ ತಲೆಯ ಮೇಲಿದೆ, ಹೊಗೆ ಹೊರಹೋಗುವ ವಾಲ್ವ್ ಬ್ಲಾಕಿನಲ್ಲಿದೆ. ಎಫ್-ಹೆಡ್ ಎನ್ನುತ್ತಾರೆ. ನಾನು ಓದಿದ ಪುಸ್ತಕದಲ್ಲಿ ಅದಕ್ಕೆ ಒಂದು ಚಿತ್ರ, ಎರಡು ಸಾಲು. ಕೈಯಲ್ಲಿ ಹಿಡಿದಾಗ ಹಾಗಲ್ಲ. ಮೂರು ವರ್ಷ ನಿಂತು ಪಿಸ್ಟನ್ ಜಾಮ್ ಆಗಿತ್ತು. ಹ್ಯಾಂಡಲ್ ಮೇಲೆ ಜೋತುಬಿದ್ದರೂ ತಿರುಗಲಿಲ್ಲ. ಚಾಚಾ ನಾಲ್ಕೂ ಪ್ಲಗ್ ಬಿಚ್ಚಿ, ಸೀಮೆಎಣ್ಣೆಗೆ ಆಯಿಲ್ ಬೆರೆಸಿ ಸುರಿದು, ‘ಐದು ದಿನ ಇದರ ಸುದ್ದಿಗೆ ಬರಬ್ಯಾಡ’ ಎಂದರು. ಆರನೇ ದಿನ ಹ್ಯಾಂಡಲ್ ಕೂದಲೆಳೆಯಷ್ಟು ಅಲುಗಿತು. ಸಂಜೆಯೊಳಗೆ ಪೂರ್ತಿ ಒಂದು ಸುತ್ತು ಬಂತು. ಆ ಒಂದು ಸುತ್ತಿಗೆ ನಾನು ಕುಣಿದಷ್ಟು ಯಾವ ಸೆಮಿಸ್ಟರ್ ಫಲಿತಾಂಶಕ್ಕೂ ಕುಣಿದಿಲ್ಲ.

ಆಮೇಲೆ ಪ್ಲಗ್ ವಯರುಗಳನ್ನು ನಾನು ಸಾಲಾಗಿ 1-2-3-4 ಎಂದು ಜೋಡಿಸಿದೆ. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಹೊರಗೆ ಬೀಡಿ ಸೇದುತ್ತಿದ್ದ ಚಾಚಾ ಅಲ್ಲಿಂದಲೇ ಕೂಗಿದರು: ‘ಒಂದು, ಮೂರು, ನಾಕು, ಎರಡು!’ ಫೈರಿಂಗ್ ಆರ್ಡರ್ ನನಗೆ ಬಾಯಿಪಾಠ ಬರುತ್ತಿತ್ತು. ಅವರಿಗೆ ಕಿವಿಪಾಠ ಬರುತ್ತಿತ್ತು. ಡಿಸ್ಟ್ರಿಬ್ಯೂಟರ್ ಪಾಯಿಂಟಿನ ಸಂದು ಅವರು ಬೆಂಕಿಪೊಟ್ಟಣದ ರಟ್ಟಿನಿಂದ ಹೊಂದಿಸಿದರು. ಇರಬೇಕಾದದ್ದು 0.020 ಇಂಚು. ಅನುಮಾನದಿಂದ ಫೀಲರ್ ಗೇಜ್ ಹಾಕಿ ನೋಡಿದೆ, 0.018 ಇತ್ತು. ‘ಎರಡು ಸಾವಿರಾಂಶ ಕಮ್ಮಿ ಐತಿ’ ಎಂದೆ. ಚಾಚಾ ನಕ್ಕರು, ಆದರೆ ಗೇಜ್ ಕೇಳಿ ಪಡೆದು ಸರಿಮಾಡಿದರು. ನಮ್ಮಿಬ್ಬರ ಜೋಡಿ ಕುದುರಿದ್ದು ಅವತ್ತು.

ಬ್ರೇಕಿನ ವೀಲ್ ಸಿಲಿಂಡರ್‌ಗಳನ್ನು ಪೂರ್ತಿ ಹೊಸದಾಗಿ ಹಾಕಿದೆವು. ಗ್ಯಾಸ್ಕೆಟ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ಬಂತು. ಕೆಂಪು ಬಣ್ಣ ಕೆರೆದರೆ ನೀಲಿ, ನೀಲಿ ಕೆರೆದರೆ ಬೂದು. ಮೂಲದ ಆ ಬೂದಿಯನ್ನೇ ಬಳಿದೆವು. ಒಟ್ಟು ಖರ್ಚು 41,500 ರೂಪಾಯಿ. ಅಪ್ಪ 20 ಸಾವಿರ ಕೊಟ್ಟರು. ಉಳಿದದ್ದರಲ್ಲಿ ನನ್ನ ವಿದ್ಯಾರ್ಥಿವೇತನ ಮತ್ತು ಅವ್ವನ ಸಂಘದ ಸಾಲ ಸೇರಿದೆ. ಇದನ್ನು ಮುಚ್ಚಿಟ್ಟು ‘ಹಳೆ ಗಾಡಿ ರಿಪೇರಿ ಅಗ್ಗ’ ಎಂದು ನಾನು ಬರೆಯಲಾರೆ.

ಸೂಟಿ ಮುಗಿಯಲು ವಾರವಿದ್ದಾಗ ಅಪ್ಪನನ್ನು ಕೂರಿಸಿಕೊಂಡು ಹೊಲದ ದಾರಿಯಲ್ಲಿ ಹೊರಟೆ. ಕಾಲುವೆ ಹತ್ತಿರ ಜೀಪು ನಿಂತುಬಿಟ್ಟಿತು. ಅಪ್ಪ ಮಾತಾಡದೆ ಇಳಿದು ನಡೆದುಕೊಂಡು ಮನೆಗೆ ಹೋದರು. ನನ್ನ ಕಣ್ಣಲ್ಲಿ ನೀರು. ಚಾಚಾ ಬಂದು ಪೆಟ್ರೋಲ್ ಪಂಪ್ ಬಿಚ್ಚಿದಾಗ ಒಳಗಿನ ರಬ್ಬರ್ ಪೊರೆ ಉಬ್ಬಿ ಬಿರಿದಿತ್ತು. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ಕಾಲದ ರಬ್ಬರಿಗೆ ಎಥೆನಾಲ್ ಒಗ್ಗುವುದಿಲ್ಲ. ಕಬ್ಬು ಬೆಳೆಯುವ ಜಿಲ್ಲೆ ನಮ್ಮದು. ಎಥೆನಾಲ್ ನಮ್ಮ ಕಬ್ಬಿನಿಂದಲೂ ಬರುತ್ತದೆ, ಪಂಪ್ ಕೆಟ್ಟದ್ದೂ ನಮ್ಮದೇ. ತಪ್ಪು ಪೆಟ್ರೋಲಿನದಲ್ಲ, ಮೊದಲೇ ಯೋಚಿಸದ ನನ್ನದು. ಎಥೆನಾಲ್ ತಾಳಿಕೊಳ್ಳುವ ಪೊರೆ ಮತ್ತು ಪೈಪು ಹಾಕಿದ ಮೇಲೆ ಜೀಪು ಮತ್ತೆ ನಿಂತಿಲ್ಲ.

ಇಷ್ಟು ಕಥೆ ಹೇಳಿದ್ದು ಒಂದು ಮಾತಿಗಾಗಿ. ಹಳೆಯ ದುಡಿಮೆಯ ಗಾಡಿಗಳಿಗೆ ನಾವು ಎರಡೇ ಖಾನೆ ಇಟ್ಟಿದ್ದೇವೆ. ಒಂದು ಗುಜರಿ, ಇನ್ನೊಂದು ಪ್ರದರ್ಶನ. ನಡುವೆ ದುಡಿಯುತ್ತಲೇ ಇರುವ ಗಾಡಿಗೆ ಜಾಗವಿಲ್ಲ.

ನಿಯಮಗಳನ್ನೇ ನೋಡಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ಐವತ್ತು ವರ್ಷ ದಾಟಿ, ಮೂಲ ರೂಪ ಉಳಿಸಿಕೊಂಡಿರುವ ವೈಯಕ್ತಿಕ ಬಳಕೆಯ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳಿಗೆ ‘ವಿಎ’ ಅಕ್ಷರವಿರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಬಾಳಿಕೆ. ಒಳ್ಳೆಯದೇ. ಆದರೆ ಆ ಗಾಡಿ ರಸ್ತೆಗಿಳಿಯಬೇಕಾದರೆ ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥ ಕಾರಣವೇ ಬೇಕು. ನಿತ್ಯದ ಓಡಾಟಕ್ಕೆ ಇಲ್ಲ. ಮುತ್ಯಾನ ಜೀಪಿಗೆ ವಯಸ್ಸಿನ ಅರ್ಹತೆಯಿದೆ. ಆದರೆ ವಿಂಟೇಜ್ ಆದ ಮರುದಿನ ಅದು ಹೊಲಕ್ಕೆ ಹೋಗುವಂತಿಲ್ಲ.

ಇನ್ನೊಂದು ದಾರಿ ಸಾಮಾನ್ಯ ನವೀಕರಣ. ಕಾರು, ಜೀಪುಗಳಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಲಘು ವಾಹನಗಳಿಗೆ ಅದನ್ನು 10,000 ಮಾಡಿದರು. ‘ಹಳೆಯದನ್ನು ಬಿಡಿ’ ಎನ್ನುವುದೇ ಇದರ ಅರ್ಥ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಜನ ಕಣ್ತುಂಬ ನೋಡುತ್ತಾರೆ. ನಾನೂ ನೋಡಿ ಬೆರಗಾಗಿದ್ದೇನೆ. ಐಷಾರಾಮಿ ಕಾರನ್ನು ಗಾಜಿನಾಚೆ ಕಾಪಾಡಬಹುದು. ಕೆಸರಿಗೆಂದೇ ಹುಟ್ಟಿದ ಗಾಡಿಯನ್ನು ಕಾಪಾಡುವುದೆಂದರೆ ಅದನ್ನು ಕೆಸರಿಗೆ ಬಿಡುವುದು.

‘ಹೊಗೆಯ ಗತಿ ಏನು?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. 1968ರ ಎಂಜಿನ್ ಇಂದಿನ ಬಿಎಸ್-6 ಗಾಡಿಗಿಂತ ಪ್ರತಿ ಕಿಲೋಮೀಟರಿಗೆ ಹೆಚ್ಚು ಮಲಿನ, ಅದರಲ್ಲಿ ವಾದವಿಲ್ಲ. ದಿನವೂ ನಗರದಲ್ಲಿ ಓಡುವ ಹಳೆಯ ಗಾಡಿಗಳನ್ನು ತಡೆಯುವುದು ನ್ಯಾಯ. ಆದರೆ ಮನೆ–ಹೊಲದ ನಡುವೆ ವಾರಕ್ಕೆರಡು ಸಲ ಓಡುವ ಜೀಪನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ನನ್ನ ಸಲಹೆ ಇಷ್ಟೆ: ‘ದುಡಿಯುವ ಹಳೆಯ ವಾಹನ’ ಎಂಬ ಮೂರನೇ ಖಾನೆ ಇರಲಿ. ಬಾಡಿಗೆಗೆ ಓಡಿಸುವಂತಿಲ್ಲ, ಊರಿನ ಸುತ್ತ ಇಂತಿಷ್ಟೇ ದೂರ ಎಂಬ ಮಿತಿ ಇರಲಿ. ಬ್ರೇಕ್, ಸ್ಟೀರಿಂಗ್, ಹೊಗೆಯ ಪರೀಕ್ಷೆ ಈಗಿಗಿಂತ ಕಟ್ಟುನಿಟ್ಟಾಗಿ ನಡೆಯಲಿ. ಅದರಲ್ಲಿ ಗೆದ್ದ ಗಾಡಿಗೆ ಶುಲ್ಕ ಇಳಿಯಲಿ. ವಯಸ್ಸು ನೋಡಿ ಅಲ್ಲ, ಆರೋಗ್ಯ ನೋಡಿ ತೀರ್ಮಾನಿಸಲಿ. ಬ್ರೇಕ್ ಲೈನನ್ನು ಎರಡಾಗಿಸುವಂಥ ಸುರಕ್ಷತೆಯ ಬದಲಾವಣೆಗೆ ಹಳ್ಳಿಯ ಮಾಲೀಕನಿಗೂ ಅರ್ಥವಾಗುವ ಸರಳ ಒಪ್ಪಿಗೆಯ ದಾರಿ ಇರಲಿ. ಆಗ ಕಸ್ಟಮೈಸ್ ಎಂಬ ಮಾತಿಗೂ ಮರ್ಯಾದೆ ಬರುತ್ತದೆ.

ಖಾನೆ ಇಲ್ಲದಿರುವುದು ಜೀಪಿಗೆ ಮಾತ್ರವಲ್ಲ, ಚಾಚಾಗೂ ಇಲ್ಲ. ನಮ್ಮ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಚಾಚಾನ ಗ್ಯಾರೇಜಿನಲ್ಲಿ ಕಳೆದ ದಿನಗಳನ್ನು ಇಂಟರ್ನ್‌ಶಿಪ್ ಎಂದು ಪರಿಗಣಿಸುತ್ತೀರಾ ಎಂದು ಕೇಳಿದೆ. ‘ಲೆಟರ್‌ಹೆಡ್ ಇದೆಯಾ?’ ಎಂಬ ಪ್ರಶ್ನೆ ಬಂತು. ಇಲ್ಲ. ನಾಲ್ಕನೇ ಇಯತ್ತೆವರೆಗೆ ಓದಿದ ಚಾಚಾನ ಬಳಿ ಲೆಟರ್‌ಹೆಡ್ ಎಲ್ಲಿಂದ ಬರಬೇಕು? ಇತ್ತ ನನ್ನ ಕೆಲವು ಗೆಳೆಯರು ಆನ್‌ಲೈನಿನಲ್ಲಿ ಹಣ ಕಟ್ಟಿ, ನಾಲ್ಕು ವಿಡಿಯೊ ನೋಡಿ, ಬಣ್ಣದ ಸರ್ಟಿಫಿಕೇಟ್ ಪಡೆದರು. ಅವರದು ಮಾನ್ಯವಾಯಿತು. ಗೆಳೆಯರನ್ನು ದೂರುತ್ತಿಲ್ಲ, ಅವರಿಗೂ ಅಂಕ ಬೇಕು, ಕೆಲಸ ಬೇಕು. ಆದರೆ ಕೈ ಮಸಿಯಾಗದ ಇಂಟರ್ನ್‌ಶಿಪ್ ನಡೆಯುತ್ತದೆ, ಮಸಿಯಾದದ್ದು ನಡೆಯುವುದಿಲ್ಲ ಎಂದರೆ ನಾವು ಎಂಥ ಎಂಜಿನಿಯರುಗಳನ್ನು ತಯಾರಿಸುತ್ತಿದ್ದೇವೆ?

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನಗಳೂ ಅದರ ಪಟ್ಟಿಯಲ್ಲಿವೆ. ಹಕ್ಕು ಬೇಕು, ನಿಜ. ಆದರೆ ರಿಪೇರಿ ಬಲ್ಲ ಕೈಗಳೇ ಉಳಿಯದಿದ್ದರೆ ಹಕ್ಕು ಇಟ್ಟುಕೊಂಡು ಏನು ಮಾಡುವುದು? ಚಾಚಾನ ಇಬ್ಬರೂ ಮಕ್ಕಳು ಈ ಕಸುಬಿಗೆ ಬಂದಿಲ್ಲ. ಅವರ ಕಿವಿಯಲ್ಲಿರುವ ವಿದ್ಯೆ ಯಾವ ಕಾಗದದಲ್ಲೂ ಇಲ್ಲ. ಮಿಸ್ತ್ರಿಯೊಬ್ಬರ ಜೊತೆ ಸೇರಿ ಒಂದು ಹಳೆಯ ಗಾಡಿಯನ್ನೋ ಪಂಪ್‌ಸೆಟ್ಟನ್ನೋ ಟ್ರ್ಯಾಕ್ಟರನ್ನೋ ಓಡುವಂತೆ ಮಾಡಿ, ಮಾಡಿದ್ದನ್ನು ಅಳತೆ ಸಮೇತ ಬರೆದು ತಂದರೆ ಅದನ್ನು ಮಿನಿ ಪ್ರಾಜೆಕ್ಟ್ ಎಂದು ಕಾಲೇಜುಗಳು ಒಪ್ಪಲಿ. ನಮಗೆ ಕೈ ಪಳಗುತ್ತದೆ, ಅವರ ವಿದ್ಯೆ ಕಾಗದಕ್ಕೆ ಬರುತ್ತದೆ. ಇದರಿಂದ ಕೆಲಸ ಸಿಕ್ಕೇ ಸಿಗುತ್ತದೆ ಎಂದು ಭರವಸೆ ಕೊಡಲು ನಾನು ಯಾರೂ ಅಲ್ಲ. ಆದರೆ ನಾಳೆ ಬರುವ ಎಲೆಕ್ಟ್ರಿಕ್ ಗಾಡಿಗೂ ಬ್ರೇಕ್ ಇರುತ್ತದೆ, ಬೇರಿಂಗ್ ಇರುತ್ತದೆ. ಅದೂ ಒಂದು ದಿನ ರಸ್ತೆ ಮಧ್ಯೆ ನಿಲ್ಲುತ್ತದೆ. ಆಗ ಯಾಕೆ ನಿಂತಿತು ಎಂದು ಹಂತ ಹಂತವಾಗಿ ಹುಡುಕಬಲ್ಲವನು ಬೇಕೇ ಬೇಕು.

ಬರುವ ವಾರ ಜೀಪನ್ನು ವಿಜಯಪುರದ ಆರ್‌ಟಿಒ ಕಚೇರಿಗೆ ತಪಾಸಣೆಗೆ ಒಯ್ಯಬೇಕು. ಹತ್ತು ಸಾವಿರ ರೂಪಾಯಿ ಎಣಿಸಿ ಇಟ್ಟದ್ದು ಅಪ್ಪನೇ. ‘ಗುಜರಿಯವಗ ಫೋನ್ ಮಾಡಿ ಬ್ಯಾಡ ಅಂತ ಹೇಳೀನಿ’ ಎಂದರು. ಪಾಸಾಗುತ್ತದೋ ಇಲ್ಲವೋ ಗೊತ್ತಿಲ್ಲ. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಒಟ್ಟಿಗೆ ಹಿಡಿಯುತ್ತವೆ, ಅಷ್ಟು ಮಾತ್ರ ಗೊತ್ತು.

ಗೆಳೆಯರೇ, ನಿಮ್ಮ ಊರಿನ ಕೊಟ್ಟಿಗೆಯಲ್ಲೂ ಇಂಥದ್ದೊಂದು ನಿಂತಿರಬಹುದು. ಜೀಪೇ ಆಗಬೇಕಿಲ್ಲ, ಮೆಟಡೋರ್ ಆದೀತು, ಹಳೆಯ ಟ್ರ್ಯಾಕ್ಟರ್ ಆದೀತು. ಗುಜರಿಯವರಿಗೆ ಫೋನ್ ಮಾಡುವ ಮೊದಲು, ರೀಲ್ಸ್ ನೋಡಿ ಕಟರ್ ಹಿಡಿಯುವುದಕ್ಕೂ ಮೊದಲು, ನಿಮ್ಮೂರ ಮಿಸ್ತ್ರಿಯನ್ನು ಕರೆತಂದು ಒಮ್ಮೆ ಬಾನೆಟ್ ಎತ್ತಿ ನೋಡಿ. ಕೋಳಿಮೊಟ್ಟೆ ಇದ್ದರೆ ಹುಷಾರಾಗಿ ಎತ್ತಿಡಿ.